ಮನೆ ಮೊದಲೋ, ರಸ್ತೆ ಮೊದಲೋ

1956ನೇ ಇಸವಿಯಲ್ಲಿ ಎರಡು ದೇಶಗಳಲ್ಲಿ ಹೆದ್ದಾರಿಯ ಎರಡು ಕಾಯಿದೆಗಳು ಹುಟ್ಟಿದವು. ಜೂನ್ 29ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅಂತರರಾಜ್ಯ ಹೆದ್ದಾರಿಗಳಿಗೆ ಹಣ ಒದಗಿಸುವ ಕಾಯಿದೆಗೆ ಸಹಿ ಹಾಕಿದರು. ಸೆಪ್ಟೆಂಬರ್ 11ರಂದು ನಮ್ಮ ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ನಮ್ಮ ದಕ್ಷಿಣ ಕನ್ನಡದ ಪೊಳಲಿ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಲ್ಲವೂ ಆಗಿನ್ನೂ ಮದರಾಸು ರಾಜ್ಯದಲ್ಲಿದ್ದವು. ಮೈಸೂರು ರಾಜ್ಯ ಸೇರಲು ಏಳು ವಾರ ಬಾಕಿಯಿತ್ತು. ಎರಡೂ ಕಾಯಿದೆಗಳು ರಸ್ತೆ ಯಾರದು, ಹಣ ಯಾರದು, ದುರಸ್ತಿ ಯಾರ ಹೊಣೆ ಎಂದು ಬರೆದವು. ರಸ್ತೆಗಾಗಿ ಮನೆ ಬಿಟ್ಟವರು ಎಲ್ಲಿಗೆ ಹೋಗಬೇಕು ಎಂಬ ಬಗ್ಗೆ ಎರಡರಲ್ಲೂ ಒಂದು ಸಾಲಿರಲಿಲ್ಲ. ಆ ಸಾಲು ಕಾನೂನಿನೊಳಗೆ ಬಂದದ್ದು ತೀರ ತಡವಾಗಿ, ಅದೂ ಕಂತುಕಂತಾಗಿ. ನಮ್ಮ ಹೆದ್ದಾರಿ ಕಾಯಿದೆಯ ಮಟ್ಟಿಗೆ ಅದು ಇನ್ನೂ ಅರ್ಧ ವಾಕ್ಯವಾಗಿಯೇ ನಿಂತಿದೆ.

ಅಮೆರಿಕದ ಕಥೆಯನ್ನು ಮೊದಲು ಹೇಳುವುದು ಲೇಸು, ಏಕೆಂದರೆ ಅಲ್ಲಿ ಕಟ್ಟುವುದೂ ಕೆಡಹುವುದೂ ಎರಡೂ ನಡೆದಿವೆ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದಲ್ಲಿ 15ನೇ ವಾರ್ಡ್ ಎಂಬ ಕಪ್ಪು ಜನರ ವಸತಿಯಿತ್ತು. ನಗರ ನವೀಕರಣ ಮತ್ತು ಹೆದ್ದಾರಿ ಸೇರಿ 1950-60ರ ದಶಕಗಳಲ್ಲಿ ಅದನ್ನು ಅಳಿಸಿದವು. ಊರ ಮಧ್ಯೆ ಕಂಬಗಳ ಮೇಲೆ ಇಂಟರ್‌ಸ್ಟೇಟ್ 81 ಎದ್ದಿತು. ಅದರ ಮಗ್ಗುಲಲ್ಲೇ ಉಳಿದದ್ದು ಪಯನಿಯರ್ ಹೋಮ್ಸ್, 1930ರ ದಶಕದ ಕೊನೆಯಲ್ಲಿ ಸರಕಾರಿ ಹಣದಿಂದ ಬಡವರಿಗೆ ಕಟ್ಟಿದ ಬಾಡಿಗೆ ಮನೆಗಳ ಸಾಲು. ಅರ್ಧ ಶತಮಾನದ ಮೇಲೆ ಆ ಮೇಲ್ಸೇತುವೆಗೆ ವಯಸ್ಸಾಯಿತು. ಅದನ್ನು ಕಿತ್ತು ನೆಲಮಟ್ಟದ ಬೀದಿಗಳನ್ನು ಹಾಕುವ ಯೋಜನೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ವೆಚ್ಚದ ಅಂದಾಜು 200 ಕೋಟಿ ಡಾಲರಿಗೂ ಹೆಚ್ಚು. ತಲೆಯ ಮೇಲಿನ ಗದ್ದಲ ತೊಲಗುತ್ತದೆ ಎಂದಾಗ ಅಲ್ಲಿಯ ಬಾಡಿಗೆದಾರರಲ್ಲಿ ಹಲವರು ಹಿಗ್ಗುವ ಬದಲು ಹೆದರಿದರು. ಹೆದ್ದಾರಿ ಹೋದರೆ ನೆಲದ ಬೆಲೆ ಏರುತ್ತದೆ, ಬೆಲೆ ಏರಿದ ನೆಲದಲ್ಲಿ ತಮಗೆ ಜಾಗ ಇರುತ್ತದೆಯೇ ಎಂಬುದು ಅವರ ಪ್ರಶ್ನೆ. ಹಳೆಯ ಸರಕಾರಿ ಮನೆಗಳನ್ನು ಕೆಡವಿ, ಸ್ಥಿತಿವಂತರೂ ಬಡವರೂ ಒಟ್ಟಿಗಿರುವ ಹೊಸ ಬಡಾವಣೆ ಕಟ್ಟುವ ಯೋಜನೆ ಸೇತುವೆಯ ಯೋಜನೆಯ ಜತೆಜತೆಗೇ ಬಂದದ್ದರಿಂದ ಆ ಹೆದರಿಕೆ ಸುಳ್ಳೆನ್ನಲಾಗುವುದಿಲ್ಲ. 

ಈ ಬಾರಿ ಅವರ ಕೈಯಲ್ಲಿ ಅಜ್ಜ-ಅಜ್ಜಿಯರಿಗೆ ಇಲ್ಲದಿದ್ದ ಒಂದೆರಡು ಆಧಾರಗಳಿವೆ. 1970ರಲ್ಲಿ ಅಮೆರಿಕದ ಸಂಸತ್ತು ಒಂದು ಸ್ಥಳಾಂತರ ಕಾಯಿದೆ ಮಾಡಿ, ಸಮಾನ ದರ್ಜೆಯ ಬದಲಿ ಮನೆ ಸಿಗುವಂತಾಗುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, 90 ದಿನ ಮುಂಚೆ ನೋಟಿಸು ಕೊಡಬೇಕು ಎಂದು ಬರೆಯಿತು. ಹೆದ್ದಾರಿಗಳ ಕೆಲಸ ಬಹುಪಾಲು ಮುಗಿಯುತ್ತ ಬಂದ ಮೇಲೆ ಬಂದ ಕಾಯಿದೆ ಅದು! 1987ರಲ್ಲಿ, ಒಂದು ಸರಕಾರಿ ಮನೆ ಕೆಡವಿದರೆ ಒಂದು ಮನೆ ಕಟ್ಟಲೇಬೇಕು ಎಂಬ ನಿಯಮ ಬಂತು. 1995ರಲ್ಲಿ ಅದನ್ನು ತಡೆಹಿಡಿದು, 1998ರಲ್ಲಿ ರದ್ದು ಮಾಡಿದರು. ಆ ನಡುವೆ ‘ಹೋಪ್ 6’ ಎಂಬ ಯೋಜನೆಯಡಿ ದೇಶದಾದ್ಯಂತ ಹಳೆಯ ಸರಕಾರಿ ವಸತಿಗಳು ನೆಲಸಮವಾದವು. ಹೊಸ ಬಡಾವಣೆಗೆ ಮರಳಿ ಬಂದ ಹಳೆಯ ಕುಟುಂಬಗಳು ಅಲ್ಪಸಂಖ್ಯೆಯವು. ಅದರ ಕಹಿ ಉಂಡ ಮೇಲೆ 2010ರ ‘ಚಾಯ್ಸ್ ನೇಬರ್‌ಹುಡ್ಸ್’ ಯೋಜನೆಯಲ್ಲಿ ಒಂದಕ್ಕೊಂದು ಮನೆ ಮತ್ತು ಮರಳುವ ಹಕ್ಕು ಎರಡೂ ಷರತ್ತಾಗಿ ಸೇರಿದವು. 2023ರಲ್ಲಿ ಸಿರಾಕ್ಯೂಸಿಗೆ ಬಂದ 5 ಕೋಟಿ ಡಾಲರ್ ಈ ಯೋಜನೆಯದು. ಮಾತು ಉಳಿಯುತ್ತದೋ ಇಲ್ಲವೋ ಎಂಬುದು ಮುಂದಿನ ವಿಚಾರ. ಗಮನಿಸಬೇಕಾದದ್ದು, ಈ ಚರಿತ್ರೆಯಲ್ಲಿ ಪರಿಹಾರದ ಮೊತ್ತಕ್ಕಿಂತ ಯಾವುದು ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆಯೇ ಮತ್ತೆಮತ್ತೆ ಎದ್ದಿರುವುದು.

ನಮ್ಮಲ್ಲಿ ಸರಕಾರಿ ವಸತಿ ಎಂದರೆ ಬಾಡಿಗೆಯ ಕಟ್ಟಡವಲ್ಲ. ದೇವರಾಜ ಅರಸು ಕಾಲದ ಜನತಾ ಮನೆ, 1990ರ ದಶಕದ ಆಶ್ರಯ ಮನೆ, ಇಂದಿರಾ ಆವಾಸ್, ಊರ ಬಾಯಲ್ಲಿ ‘ಐದು ಸೆಂಟ್ಸ್ ಕಾಲನಿ’ ಎಂದು ಕರೆಸಿಕೊಳ್ಳುವ ನಿವೇಶನಗಳು, ಸರಕಾರಿ ಜಾಗದಲ್ಲಿ ಕಟ್ಟಿಕೊಂಡು ಬಳಿಕ ಭೂಕಂದಾಯ ಕಾಯಿದೆಯ 94ಸಿ ಕಲಮಿನಡಿ ಸಕ್ರಮ ಮಾಡಿಸಿಕೊಂಡ ಮನೆಗಳು - ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸರಕಾರಿ ವಸತಿ ಇದು. 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನಾಗಿ ಮಾಡಿತು. ಗೇಣಿಯೂ ಇಲ್ಲದೆ ಇನ್ನೊಬ್ಬರ ಜಾಗದ ಬದಿಯಲ್ಲಿ ಗುಡಿಸಲು ಹಾಕಿಕೊಂಡಿದ್ದವರ ಪಾಲಿಗೆ ಒದಗಿದ್ದು ಮುಖ್ಯವಾಗಿ ಈ ಐದು ಸೆಂಟ್ಸ್. ಅವರ ಕೈಯಲ್ಲಿರುವುದು ಹಕ್ಕುಪತ್ರ, ಅದರಲ್ಲಿ ಇಂತಿಷ್ಟು ವರ್ಷ ಮಾರುವಂತಿಲ್ಲ ಎಂಬ ಷರತ್ತು. ಹಾಗಾಗಿ ಆ ಜಾಗಕ್ಕೆ ಪೇಟೆಯಲ್ಲಿ ಬೆಲೆ ಕಡಿಮೆ, ಆದರೆ ಮನೆಯವರ ಬದುಕಿನಲ್ಲಿ ಬೆಲೆ ಹೆಚ್ಚು. ಬೀಡಿ ಕಟ್ಟುವ ಹೆಂಗಸು ನಡೆದೇ ಹೋಗಿ ಬರುವಷ್ಟು ದೂರದಲ್ಲಿ ಬೀಡಿ ಬ್ರಾಂಚ್ ಇರಬೇಕು. ಸೊಸೈಟಿ, ಅಂಗನವಾಡಿ, ಬಸ್ಸು ನಿಲ್ಲುವ ಜಾಗ, ಕೂಲಿಗೆ ಕರೆಯುವ ತೋಟ ಇವೆಲ್ಲ ಹತ್ತಿರ ಇರಬೇಕು. ಈ ಹತ್ತಿರ ಎಂಬುದು ಮಾರ್ಗಸೂಚಿ ದರದ ಯಾವ ಕಲಮಿನಲ್ಲೂ ಇಲ್ಲ.

ಇದೇ ನೆಲದ ಮೇಲೆ ಈಗ ಹೆದ್ದಾರಿಗಳು ಅಗಲವಾಗುತ್ತಿವೆ. ಪೊಳಲಿಯ ಜನ ಮಂಗಳೂರಿಗೆ ಹೋಗಲು ಹಿಡಿಯುವ ಗುರುಪುರ ಕೈಕಂಬದ ಮೂಲಕ ಮೂಡುಬಿದಿರೆ, ಕಾರ್ಕಳಗಳತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 169 (ಹಳೆಯ ಸೋಲಾಪುರ-ಮಂಗಳೂರು ಹೆದ್ದಾರಿ 13) ಸಾಣೂರಿನವರೆಗೆ ಸುಮಾರು 45 ಕಿಲೋಮೀಟರ್ ಚತುಷ್ಪಥವಾಗಬೇಕು. ಬಿ.ಸಿ.ರೋಡಿನಿಂದ ಅಡ್ಡಹೊಳೆಯ ಕಡೆಗೆ ಇನ್ನೊಂದು ಚತುಷ್ಪಥ, ಪುಂಜಾಲಕಟ್ಟೆಯಿಂದ ಚಾರ್ಮಾಡಿಯತ್ತ ಮತ್ತೊಂದು ಅಗಲೀಕರಣ. ಸಿರಾಕ್ಯೂಸ್ ತನ್ನ ಮೇಲ್ಸೇತುವೆಯನ್ನು ಇಳಿಸುತ್ತಿರುವ ಹೊತ್ತಿನಲ್ಲೇ ಕಲ್ಲಡ್ಕದ ಪೇಟೆಯ ಮೇಲೆ ನಮ್ಮ ಮೇಲ್ಸೇತುವೆ ಏರಿದೆ. ಅದನ್ನು ತಪ್ಪೆನ್ನುವುದು ಇಲ್ಲಿನ ಉದ್ದೇಶವಲ್ಲ, ಘಾಟಿಯ ಲಾರಿಗಳಿಗೆ ದಾರಿ ಬೇಕೇ ಬೇಕು. 169ರ ವಿಚಾರದಲ್ಲಿ ವರ್ಷಗಟ್ಟಲೆ ನಡೆದ ಜಗಳ ಪರಿಹಾರದ ದರದ್ದು. ಕನ್ವರ್ಶನ್ ಆದ ಜಾಗಕ್ಕೆ ಕೃಷಿ ದರ ಕಟ್ಟಿದರು ಎಂದು ಭೂಮಾಲಕರು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಅವರ ದೂರು ನ್ಯಾಯವಾದದ್ದೇ. ಆದರೆ ದರವೊಂದೇ ಚರ್ಚೆಯಾದಾಗ, ದರ ಕೇಳುವಷ್ಟು ಜಾಗವೇ ಇಲ್ಲದವರು ಚರ್ಚೆಯಿಂದ ಹೊರಗೆ ಬೀಳುತ್ತಾರೆ.

ಕಾನೂನು ಕೂಡ ದರದ ದಾರಿಯಲ್ಲೇ ಬೆಳೆದು ಬಂತು. 1894ರ ಭೂಸ್ವಾಧೀನ ಕಾಯಿದೆ ಪೇಟೆಯ ಬೆಲೆಯನ್ನೂ, ಬಲವಂತವಾಗಿ ತೆಗೆದುಕೊಂಡದ್ದಕ್ಕೆ ಸಾಂತ್ವನದ ಹಣವನ್ನೂ ಕೊಡುತ್ತಿತ್ತು. 1984ರಲ್ಲಿ ಸಾಂತ್ವನ ಶೇ. 30ಕ್ಕೆ ಏರಿತು. 1997ರಲ್ಲಿ ಹೆದ್ದಾರಿ ಕಾಯಿದೆಗೆ 3ಎಯಿಂದ 3ಜೆವರೆಗಿನ ಕಲಮುಗಳು ಸೇರಿದಾಗ, ಕೆಲಸ ಬೇಗ ಆಗಲಿ ಎಂದು 1894ರ ಕಾಯಿದೆಯನ್ನೇ ಹೊರಗಿಟ್ಟರು, ಸಾಂತ್ವನವೂ ಹೋಯಿತು. ಅದು ತಾರತಮ್ಯ ಎಂದು ಸುಪ್ರೀಂ ಕೋರ್ಟು ತಾರ್ಸೆಮ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು 2019ರಲ್ಲಿ. ಅಷ್ಟರಲ್ಲಿ 2013ರ ಭೂಸ್ವಾಧೀನ ಕಾಯಿದೆ ಬಂದಿತ್ತು. ಸರಕಾರದ ಯೋಜನೆಯಡಿ ಜಾಗ ಪಡೆದ ಕುಟುಂಬವನ್ನೂ ‘ಬಾಧಿತ ಕುಟುಂಬ’ ಎಂದು ಅದು ಹೆಸರಿಸಿ ಹೇಳಿತು. ನಮ್ಮ ಐದು ಸೆಂಟ್ಸ್ ಕಾಲನಿಗಳು ಕೇಂದ್ರದ ಕಾನೂನೊಳಗೆ ಹೊಕ್ಕ ಬಾಗಿಲು ಇದೇ. ಹಳ್ಳಿಯಲ್ಲಿ ಮನೆ ಹೋದರೆ ಇಂದಿರಾ ಆವಾಸ್ ಮಾದರಿಯ ಮನೆ, ಪೇಟೆಯಲ್ಲಿ ಹೋದರೆ ಕನಿಷ್ಠ 50 ಚದರ ಮೀಟರಿನ ಮನೆ, ಒಂದು ವರ್ಷ ತಿಂಗಳಿಗೆ 3,000 ರೂಪಾಯಿ, ಸಾಮಾನು ಸಾಗಿಸಲು 50,000, ನೆಲೆಯೂರಲು ಮತ್ತೆ 50,000. 38ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕುಟುಂಬಗಳನ್ನು ಎಬ್ಬಿಸುವ ಮೊದಲು ಪುನರ್ವಸತಿ ಪೂರ್ತಿಯಾಗಿ ಮುಗಿದಿರುವಂತೆ ನೋಡಿಕೊಳ್ಳುವುದು ಜಿಲ್ಲಾಧಿಕಾರಿಯ ಹೊಣೆ ಎಂದಿತು. 1956ರಲ್ಲಿ ಕಾಣೆಯಾಗಿದ್ದ ಸಾಲು ಕೊನೆಗೂ ಸಿಕ್ಕಿತು ಅನ್ನಬಹುದಿತ್ತು.

ಆದರೆ ಹೆದ್ದಾರಿ ಕಾಯಿದೆ ಈ ಹೊಸ ಕಾನೂನಿನ ನಾಲ್ಕನೇ ಅನುಸೂಚಿಯಲ್ಲಿತ್ತು, ಅಂದರೆ ವಿನಾಯಿತಿ ಪಡೆದ 13 ಕಾಯಿದೆಗಳ ಪಟ್ಟಿಯಲ್ಲಿ. 2015ರ ಆಗಸ್ಟ್ 28ರ ಆದೇಶ ಆ ವಿನಾಯಿತಿಯನ್ನು ಮೊಟಕುಗೊಳಿಸಿ, ಪರಿಹಾರ, ಪುನರ್ವಸತಿ, ಮೂಲಸೌಕರ್ಯಗಳ ಮೊದಲ ಮೂರು ಅನುಸೂಚಿಗಳು ಹೆದ್ದಾರಿಗೂ ಅನ್ವಯ ಎಂದಿತು. 38ನೇ ಕಲಮು ಅನುಸೂಚಿಯಲ್ಲಿಲ್ಲ, ಕಾಯಿದೆಯ ಒಡಲಲ್ಲಿದೆ. ಹೀಗಾಗಿ ಏನು ಕೊಡಬೇಕು ಎಂಬುದು ಹೆದ್ದಾರಿಗೆ ದಾಟಿತು, ಯಾವಾಗ ಕೊಡಬೇಕು ಎಂಬುದು ಹಿಂದೆಯೇ ಉಳಿಯಿತು. ಹೆದ್ದಾರಿ ಕಾಯಿದೆಯ ಕ್ರಮವೇ ಬೇರೆ. 3ಡಿ ಪ್ರಕಟಣೆ ಹೊರಬಿದ್ದ ದಿನವೇ ಭೂಮಿ ಕೇಂದ್ರ ಸರಕಾರದ್ದಾಗುತ್ತದೆ; ಮೊತ್ತ ಆಮೇಲೆ 3ಜಿಯಲ್ಲಿ ನಿರ್ಧಾರವಾಗುತ್ತದೆ; ಹಣ ಠೇವಣಿಯಾದ ಮೇಲೆ 60 ದಿನಗಳ ನೋಟಿಸಿನಲ್ಲಿ ಜಾಗ ಬಿಡಬೇಕು. ಠೇವಣಿ ಆಗಬೇಕಾದದ್ದು ಹಣ, ಮನೆಯಲ್ಲ. ದೊಡ್ಡ ಹಿಡುವಳಿದಾರ ಆ ಹಣ ಬರುವವರೆಗೆ ತನ್ನ ಉಳಿದ ಜಾಗದಲ್ಲಿ ಇರಬಲ್ಲ. ಕಾಲನಿಯ ಕುಟುಂಬಕ್ಕೆ ಉಳಿದ ಜಾಗವೇ ಇರುವುದಿಲ್ಲ. ಐದು ಸೆಂಟ್ಸ್ ಎಂದರೆ 2,178 ಚದರ ಅಡಿ, ಚೌಕ ಮಾಡಿದರೆ ಬದಿಗೆ 14 ಮೀಟರ್ ಚಿಲ್ಲರೆ. 45 ಮೀಟರ್ ಅಗಲದ ಹೆದ್ದಾರಿ ಅದರ ಮೇಲೆ ಹಾದರೆ ನಿವೇಶನ ಇಡಿಯಾಗಿ ಹೋಯಿತು. ಅಂಚಿನಲ್ಲಿ ತಾಗಿ ಮೂರು ಸೆಂಟ್ಸ್ ಹೋದರೂ ಕಥೆ ಅಷ್ಟೇ: ಲೆಕ್ಕದಲ್ಲಿ ಎರಡು ಸೆಂಟ್ಸ್ ಉಳಿದಿದೆ, ಆದರೆ ಹೆದ್ದಾರಿಯಿಂದ ಬಿಡಬೇಕಾದ ಅಂತರ ಬಿಟ್ಟು ಅದರಲ್ಲಿ ಅಡುಗೆಕೋಣೆಯೂ ಏಳುವುದಿಲ್ಲ.

ಮನೆ ಮುಗಿಯುವವರೆಗೆ ರಸ್ತೆ ಕಾಯಬೇಕೆಂದರೆ ಯೋಜನೆಯ ಖರ್ಚು ಏರುತ್ತದೆ, ಗುಂಡಿ ಬಿದ್ದ ರಸ್ತೆಯಲ್ಲಿ ಸಾವಿರಾರು ಜನ ನರಳಬೇಕಾಗುತ್ತದೆ ಎಂಬ ಆಕ್ಷೇಪವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಬಿ.ಸಿ.ರೋಡು-ಅಡ್ಡಹೊಳೆ ದಾರಿಯಲ್ಲಿ ಮಳೆಗಾಲ ಕಳೆದವರಿಗೆ ಅದರ ತೂಕ ಗೊತ್ತು. ಆದರೆ ಇಲ್ಲಿಯ ಹೆದ್ದಾರಿಗಳು ತಡವಾದದ್ದು ಬಡವರಿಗೆ ಮನೆ ಕಟ್ಟಿಕೊಡುತ್ತ ಕೂತದ್ದರಿಂದಲ್ಲ. ಒಂದು ಕಡೆ ಗುತ್ತಿಗೆದಾರ ಕೆಲಸ ಬಿಟ್ಟು ಹೋದ, ಇನ್ನೊಂದು ಕಡೆ ದರದ ವ್ಯಾಜ್ಯ. ಮೊದಲ ಸರ್ವೆಯಿಂದ ಕೊನೆಯ ಡಾಮರು ಅಥವಾ ಕಾಂಕ್ರೀಟಿನವರೆಗೆ ಹಿಡಿಯುವ ವರ್ಷಗಳಲ್ಲಿ ಬೆರಳೆಣಿಕೆಯ ಕಾಲನಿ ಮನೆಗಳನ್ನು ಕಟ್ಟಲು ಆಗುವುದಿಲ್ಲ ಎಂದರೆ ಯಾರು ನಂಬಬೇಕು? ಜಾಗ ಪುಕ್ಕಟೆ ಸಿಕ್ಕಿದ್ದು, ಮತ್ತೇಕೆ ಕೊಡಬೇಕು ಎನ್ನುವವರೂ ಇದ್ದಾರೆ. ಜಾಗ ಪುಕ್ಕಟೆಯಾದರೂ ಗೋಡೆ ಪುಕ್ಕಟೆಯಲ್ಲ. ಯೋಜನೆಯ ಸಹಾಯಧನದ ಮೇಲೆ ಸಂಘದ ಸಾಲ, ಬೀಡಿಯ ಬೋನಸು, ಗಲ್ಫಿಗೆ ಹೋದ ಮಗನ ಹಣ ಸುರಿದು ಎದ್ದ ಮನೆಗಳು ಅವು. ಮನೆಯ ಬದಲು ಕೈತುಂಬ ಹಣ ಕೊಟ್ಟರೆ ಅವರಿಗೆ ಬೇಕಾದಲ್ಲಿ ಹೋಗುವ ಸ್ವಾತಂತ್ರ್ಯ ಇರುತ್ತದಲ್ಲ ಎಂಬ ವಾದಕ್ಕೆ ಬಲ ಹೆಚ್ಚು. ಜಾಗ ಸುಲಭವಾಗಿ ಸಿಗುವ ಕಡೆ ಅದು ಸರಿ. ಹೆದ್ದಾರಿ ಬರುತ್ತದೆ ಎಂಬ ಸುದ್ದಿಯೇ ಸುತ್ತಲಿನ ಸೆಂಟ್ಸಿನ ಬೆಲೆ ಏರಿಸಿರುವಾಗ, ಷರತ್ತಿನ ಜಾಗಕ್ಕೆ ಕಟ್ಟಿದ ಮೊತ್ತ ಹಿಡಿದು ಅದೇ ಊರಲ್ಲಿ ಐದು ಸೆಂಟ್ಸ್ ಹುಡುಕುವುದು ಸ್ವಾತಂತ್ರ್ಯ ಎನಿಸಿಕೊಳ್ಳದು.

ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಈಜಿಪುರ ಸಾಕ್ಷಿ. ಅಲ್ಲಿ 1990ರ ದಶಕದಲ್ಲಿ ದುರ್ಬಲ ವರ್ಗದವರಿಗೆಂದು ಕಟ್ಟಿದ ಸುಮಾರು 1,500 ಸರಕಾರಿ ಮನೆಗಳಿದ್ದವು. ಕಳಪೆ ಕಟ್ಟಡಗಳು ಕುಸಿಯತೊಡಗಿದವು, ಜನ ತಗಡಿನ ಶೆಡ್ಡುಗಳಿಗೆ ಬಂದರು. ಜಾಗದ ಅರ್ಧದಲ್ಲಿ ಮಾಲ್, ಇನ್ನರ್ಧದಲ್ಲಿ ಬಡವರಿಗೆ ಮನೆ ಎಂಬ ಖಾಸಗಿ ಸಹಭಾಗಿತ್ವದ ಒಪ್ಪಂದವಾಯಿತು. 2013ರ ಜನವರಿಯಲ್ಲಿ ಪಾಲಿಕೆ ಶೆಡ್ಡುಗಳನ್ನು ಕೆಡವಿತು, ಕುಟುಂಬಗಳು ಅದೇ ಜಾಗದ ಹೊರಗಿನ ಫುಟ್‌ಪಾತಿನಲ್ಲಿ ಕೂತವು. ಹತ್ತು ವರ್ಷ ಕಳೆದ ಮೇಲೂ ಅಲ್ಲಿ ಮನೆ ಎದ್ದಿರಲಿಲ್ಲ. ಸಿಯೋಲಿನಲ್ಲಿ ಮೇಲ್ಸೇತುವೆ ಕೆಡವಿ ಚೊಂಗ್ಯೆಚೊನ್ ತೊರೆಯನ್ನು 2005ರಲ್ಲಿ ಬಯಲಿಗೆ ತಂದದ್ದನ್ನು ಜಗತ್ತೇ ಹೊಗಳಿತು. ಅಲ್ಲಿಂದ ಎಬ್ಬಿಸಿದ ಬೀದಿ ವ್ಯಾಪಾರಿಗಳನ್ನು ದೊಂಗ್ದೇಮುನ್ ಕ್ರೀಡಾಂಗಣಕ್ಕೆ ಕಳಿಸಿದ್ದರು. ಮೂರ್ನಾಲ್ಕು ವರ್ಷದಲ್ಲಿ ಆ ಕ್ರೀಡಾಂಗಣವನ್ನೂ ಕೆಡವಿದರು. ಇದಕ್ಕೆ ಎದುರಾಗಿ ಬಾಗಲಕೋಟೆಯಿದೆ. ಆಲಮಟ್ಟಿ ಹಿನ್ನೀರಿಗೆ ಪಟ್ಟಣ ಮುಳುಗುತ್ತದೆಂದು ತಿಳಿದಾಗ 1983ರ ಕಾಯಿದೆಯಿಂದ ಪ್ರತ್ಯೇಕ ಪಟ್ಟಣಾಭಿವೃದ್ಧಿ ಪ್ರಾಧಿಕಾರ ಮಾಡಿ, ನೀರು ಏರುವ ಮೊದಲು ನವನಗರ ಕಟ್ಟುತ್ತ ಹೋದರು. ಅಲ್ಲಿಯೂ ವಿಳಂಬ, ಅಸಮಾಧಾನ, ಹಳೇ ಪಟ್ಟಣ ಬಿಡದ ವ್ಯಾಪಾರ ಎಲ್ಲ ಇದ್ದವು. ಆದರೂ ನೀರಿನ ಮಟ್ಟಕ್ಕೂ ಮನೆಯ ಬಾಗಿಲಿಗೂ ಒಂದು ನಂಟು ಕಟ್ಟಿದ್ದರು. ನೀರು ಕಾಯುವುದಿಲ್ಲ ಎಂಬ ಭಯ ಆ ಕೆಲಸ ಮಾಡಿಸಿತೋ ಏನೋ. ಜೆಸಿಬಿಗೆ ಅಂಥ ಗಡುವು ಹಾಕುವವರಿಲ್ಲ.

ಹಾಗೆಂದು ಹೊಸ ಕಾಯಿದೆಗಾಗಿ ಕಾಯಬೇಕಾಗಿಲ್ಲ. ಭೂಮಿ ಪಡೆಯುವ ಉದ್ದೇಶ ತಿಳಿಸುವ 3ಎ ಪ್ರಕಟಣೆಗೆ ಸರ್ವೆ ಮಾಡುವಾಗಲೇ ಪಂಚಾಯತಿನ ವಸತಿ ಪಟ್ಟಿಯನ್ನೂ ತಹಶೀಲ್ದಾರರ ಹಕ್ಕುಪತ್ರದ ಕಡತವನ್ನೂ ಎದುರಿಟ್ಟುಕೊಂಡರೆ ಯಾವ ಕಾಲನಿಯ ಎಷ್ಟು ಮನೆ ಹೋಗುತ್ತದೆ ಎಂದು ಅಂದೇ ತಿಳಿಯುತ್ತದೆ. ಪ್ರಕಟಣೆಯ ದಿನಾಂಕಕ್ಕೆ ಹಿಂದಿನ ಮೂರು ವರ್ಷ ಅಲ್ಲಿ ನೆಲೆಸಿದ್ದವರು ಎಂದು ಎರಡನೇ ಅನುಸೂಚಿಯೇ ಗೆರೆ ಎಳೆದಿರುವುದರಿಂದ, ಪರಿಹಾರದ ಆಸೆಗೆ ರಾತೋರಾತ್ರಿ ಗುಡಿಸಲು ಹಾಕುವವರ ಭಯಕ್ಕೂ ಉತ್ತರ ಅಲ್ಲೇ ಸಿಗುತ್ತದೆ. ಅದೇ ಪಂಚಾಯತಿನ ಗಡಿಯೊಳಗೆ ಬದಲಿ ನಿವೇಶನ ಗುರುತಿಸುವುದು ಕಂದಾಯ ಇಲಾಖೆಯ ಕೆಲಸ, ಭೂಮಿ ರಾಜ್ಯದ್ದು. ಕೇಂದ್ರದ ಅಪ್ಪಣೆ ಅದಕ್ಕೆ ಬೇಕಿಲ್ಲ. ಹೊಸ ಹಕ್ಕುಪತ್ರದಲ್ಲಿ ಹಳೆಯ ಮಂಜೂರಾತಿಯ ದಿನಾಂಕವನ್ನೇ ಎಣಿಸಿದರೆ, ಮಾರಾಟ ನಿಷೇಧದ ವರ್ಷಗಳು ಮತ್ತೆ ಮೊದಲಿನಿಂದ ಶುರುವಾಗುವುದೂ ತಪ್ಪುತ್ತದೆ. 60 ದಿನಗಳ ನೋಟಿಸಿಗೆ ಸಹಿ ಹಾಕುವ ಸ್ವಾಧೀನಾಧಿಕಾರಿಯ ಮೇಜಿಗೆ ಠೇವಣಿಯ ರಸೀದಿಯ ಜತೆ ಆ ಹಕ್ಕುಪತ್ರಗಳ ಪ್ರತಿಯೂ ಬರಬೇಕು ಎಂದು ಜಿಲ್ಲಾಡಳಿತ ಒಂದು ಸುತ್ತೋಲೆ ಹೊರಡಿಸಿದರೆ ಸಾಕು.