ದತ್ತಾಂಶ ವಿಜ್ಞಾನದ ಸ್ನಾತಕೋತ್ತರ ಅಧ್ಯಯನ

ನಗರಗಳಲ್ಲಿ ನೆಲೆಸಿರುವ ಕನ್ನಡ ಮನೆತನಗಳಲ್ಲಿ ಮಗನೋ ಮಗಳೋ ಪದವಿ ಮುಗಿಸುವ ಹೊತ್ತಿಗೆ ಇಂದು ಪದೇ ಪದೇ ಕೇಳಿಬರುವ ಹೆಸರು ದತ್ತಾಂಶ ವಿಜ್ಞಾನ, ಎಂದರೆ ಡೇಟಾ ಸೈನ್ಸ್. ಸಾಮಾನ್ಯವಾಗಿ ಎರಡು ವರ್ಷಗಳ ಕಾಲವನ್ನೂ ಬಹಳಷ್ಟು ಹಣವನ್ನೂ ಬೇಡುವ ಈ ಅಧ್ಯಯನವು ಹೊಸದೊಂದು ಶಾಸ್ತ್ರವೇ, ಅಥವಾ ಹಳೆಯ ಶಾಸ್ತ್ರಕ್ಕೆ ಇಟ್ಟ ಹೊಸ ಹೆಸರೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಹೆಸರು ನಿನ್ನೆ ಮೊನ್ನೆಯದಲ್ಲ. ೧೯೬೨ರಲ್ಲಿಯೇ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ, ದತ್ತಾಂಶಗಳ ವಿಶ್ಲೇಷಣೆಯು ಗಣಿತದ ಒಂದು ಶಾಖೆಮಾತ್ರವಲ್ಲ, ತನ್ನದೇ ಆದ ವಿಜ್ಞಾನವೆಂದು ಪ್ರತಿಪಾದಿಸಿದನು. ೧೯೭೪ರಲ್ಲಿ ಡೆನ್ಮಾರ್ಕಿನ ಗಣಕವಿಜ್ಞಾನಿ ಪೀಟರ್ ನೌರ್ ತನ್ನ ಗ್ರಂಥದಲ್ಲಿ ಡೇಟಾ ಸೈನ್ಸ್ ಎಂಬ ಪದವನ್ನು ಬಳಸಿದನು. ೨೦೦೧ರಲ್ಲಿ ವಿಲಿಯಂ ಕ್ಲೀವ್‌ಲೆಂಡ್ ಸಂಖ್ಯಾಶಾಸ್ತ್ರದ ಮೇರೆಯನ್ನು ಈ ಹೆಸರಿನಡಿಯಲ್ಲಿ ವಿಸ್ತರಿಸಬೇಕೆಂದು ಯೋಜನೆಯನ್ನು ಮುಂದಿಟ್ಟನು. ಆದುದರಿಂದ ಇದರ ಬೇರು ಸಂಖ್ಯಾಶಾಸ್ತ್ರದಲ್ಲಿದೆ. ಕೊಂಬೆಗಳು ಗಣಕಶಾಸ್ತ್ರದವರೆಗೆ ಚಾಚಿವೆ.

ಭಾರತದಲ್ಲಿ ಈ ವ್ಯಾಸಂಗಕ್ಕೆ ಈಗ ಅನೇಕ ದಾರಿಗಳುಂಟು. ೨೦೧೫ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ, ಖರಗಪುರದ ಐ.ಐ.ಟಿ. ಹಾಗೂ ಕಲ್ಕತ್ತೆಯ ಐ.ಐ.ಎಂ. ಈ ಮೂರೂ ಕೂಡಿ ವ್ಯವಹಾರ ವಿಶ್ಲೇಷಣೆಯ ಸ್ನಾತಕೋತ್ತರ ಡಿಪ್ಲೊಮಾವನ್ನು ಆರಂಭಿಸಿದವು. ೨೦೧೮ರಲ್ಲಿ ಚೆನ್ನೈ ಗಣಿತ ಸಂಸ್ಥೆಯು ದತ್ತಾಂಶ ವಿಜ್ಞಾನದಲ್ಲಿ ಎಂ.ಎಸ್‌ಸಿ. ಪದವಿಯನ್ನು ತೆರೆಯಿತು. ಪಠ್ಯಕ್ರಮಗಳು ಸಂಸ್ಥೆಯಿಂದ ಸಂಸ್ಥೆಗೆ ಭಿನ್ನವಾದರೂ ಅಂಗಗಳು ಬಹುಮಟ್ಟಿಗೆ ಇವೇ: ಸಂಭವನೀಯತೆ ಮತ್ತು ಮಾತೃಕೆಗಳ ಗಣಿತ, ಸಂಖ್ಯಾಶಾಸ್ತ್ರ, ಪೈಥಾನ್, ಆರ್ ಮೊದಲಾದ ಭಾಷೆಗಳಲ್ಲಿ ಗಣಕಕ್ಕೆ ಆದೇಶ ಬರೆಯುವ ವಿದ್ಯೆ, ಹಿಂದಿನ ಉದಾಹರಣೆಗಳಿಂದ ಯಂತ್ರವೇ ಮುಂದಿನದನ್ನು ಊಹಿಸುವಂತೆ ಮಾಡುವ ಯಂತ್ರಕಲಿಕೆ, ಕೊನೆಯಲ್ಲಿ ನಿಜವಾದ ಸಮಸ್ಯೆಯೊಂದನ್ನು ಕೈಗೆತ್ತಿಕೊಂಡು ನಡೆಸುವ ಯೋಜನಾಕಾರ್ಯ.

ಇವುಗಳಲ್ಲಿ ಆದೇಶ ಬರೆಯುವುದನ್ನು ಅಲ್ಪಾವಧಿಯ ತರಗತಿಗಳಲ್ಲಿಯೂ ಕಲಿಯಬಹುದು. ಹಾಗಿದ್ದ ಮೇಲೆ ಎರಡು ವರ್ಷಗಳ ಪರಿಶ್ರಮವೇಕೆ? ಇದಕ್ಕೆ ಒಂದು ಪ್ರಸಿದ್ಧ ನಿದರ್ಶನವೇ ಉತ್ತರ ಕೊಡುತ್ತದೆ.

೧೯೭೩ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ತರಗತಿಗಳಿಗೆ ಅರ್ಜಿ ಹಾಕಿದ ಪುರುಷರಲ್ಲಿ ಸುಮಾರು ಶೇಕಡ ೪೪ ಮಂದಿಗೂ, ಸ್ತ್ರೀಯರಲ್ಲಿ ಶೇಕಡ ೩೫ ಮಂದಿಗೂ ಪ್ರವೇಶ ದೊರಕಿತು. ಮೇಲುನೋಟಕ್ಕೆ ಇದು ಸ್ತ್ರೀಯರಿಗಾದ ಅನ್ಯಾಯ. ಆದರೆ ಒಂದೊಂದು ವಿಭಾಗವನ್ನೂ ಬೇರೆ ಬೇರೆಯಾಗಿ ಪರಿಶೀಲಿಸಿದಾಗ ಚಿತ್ರವೇ ಬದಲಾಯಿತು. ಪ್ರವೇಶ ಸುಲಭವಾಗಿದ್ದ ಒಂದು ದೊಡ್ಡ ವಿಭಾಗಕ್ಕೆ ೮೨೫ ಪುರುಷರೂ ೧೦೮ ಸ್ತ್ರೀಯರೂ ಅರ್ಜಿ ಹಾಕಿದ್ದರು. ಅಲ್ಲಿ ಪುರುಷರಲ್ಲಿ ಶೇಕಡ ೬೨, ಸ್ತ್ರೀಯರಲ್ಲಿ ಶೇಕಡ ೮೨ ಮಂದಿ ಆಯ್ಕೆಯಾದರು. ಪ್ರವೇಶ ಕಠಿಣವಾಗಿದ್ದ ಇನ್ನೊಂದು ವಿಭಾಗಕ್ಕೆ ಬಂದ ಅರ್ಜಿಗಳು ಪುರುಷರವು ೧೯೧, ಸ್ತ್ರೀಯರವು ೩೯೩. ಅಲ್ಲಿ ಆಯ್ಕೆಯಾದವರು ಶೇಕಡ ೨೮ ಮತ್ತು ೨೪. ಸ್ತ್ರೀಯರು ಹೆಚ್ಚಾಗಿ ಬಾಗಿಲು ಕಿರಿದಾಗಿದ್ದ ವಿಭಾಗಗಳನ್ನೇ ಆರಿಸಿದ್ದುದರಿಂದ ಒಟ್ಟು ಮೊತ್ತದಲ್ಲಿ ಅವರ ಪ್ರಮಾಣ ಇಳಿದಿತ್ತು. ೧೯೭೫ರಲ್ಲಿ ಈ ವಿಶ್ಲೇಷಣೆ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಲ್ಲಿ ಕೂಡುವ ಭಾಗಿಸುವ ಲೆಕ್ಕದಲ್ಲಿ ತಪ್ಪಿಲ್ಲ. ಯಂತ್ರವೂ ೪೪, ೩೫ ಎಂದೇ ಹೇಳುತ್ತದೆ. ತಪ್ಪುವುದು ಅದರಿಂದ ತೆಗೆಯುವ ನಿರ್ಣಯದಲ್ಲಿ. ನಮ್ಮ ತರ್ಕಶಾಸ್ತ್ರದಲ್ಲಿ ಅನುಮಾನವೆಂದರೆ ಸಂಶಯವಲ್ಲ, ಕಂಡ ಹೊಗೆಯಿಂದ ಕಾಣದ ಬೆಂಕಿಯನ್ನು ತಿಳಿಯುವ ಪ್ರಮಾಣ. ದತ್ತಾಂಶ ವಿಜ್ಞಾನದ ಸಾರವೂ ಆ ಅನುಮಾನವೇ. ಸಾಲ ಕೊಡಬೇಕೇ, ಔಷಧ ಗುಣಕಾರಿಯೇ ಎಂಬ ನಿರ್ಣಯಗಳು ಅಂಕಿಗಳನ್ನು ಅವಲಂಬಿಸಿರುವ ಕಾಲದಲ್ಲಿ ಆ ಅನುಮಾನ ಕೆಟ್ಟರೆ ಮನುಷ್ಯರ ಬಾಳು ಕೆಡುತ್ತದೆ.

ಈ ಅನುಮಾನಕ್ಕೆ ಎಲ್ಲೆ ಕಟ್ಟಿದವರಲ್ಲಿ ಒಬ್ಬರು ೧೯೨೦ರಲ್ಲಿ ಹೂವಿನ ಹಡಗಲಿಯಲ್ಲಿ, ತೆಲುಗು ಮನೆತನದಲ್ಲಿ ಜನಿಸಿದ ಸಿ. ಆರ್. ರಾವ್. ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಗಣಿತವನ್ನು ಓದಿ, ಉದ್ಯೋಗವನ್ನರಸಿ ಕಲ್ಕತ್ತೆಗೆ ಹೋದ ಅವರು ಅಲ್ಲಿಯೇ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಯಾದರು. ೧೯೪೩ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ಎಂ.ಎ. ಪದವಿ ಪಡೆದರು. ಲಭ್ಯವಿರುವ ದತ್ತಾಂಶಗಳಿಂದ ಒಂದು ಅಂದಾಜು ಎಷ್ಟರಮಟ್ಟಿಗೆ ನಿಖರವಾಗಬಲ್ಲದು, ಯಾವ ಮಿತಿಯನ್ನು ಮೀರಲಾರದು ಎಂಬುದನ್ನು ೧೯೪೫ರ ಲೇಖನದಲ್ಲಿ ತೋರಿಸಿದರು. ಕ್ರಾಮರ್–ರಾವ್ ಪರಿಮಿತಿ ಎಂಬ ಆ ಪ್ರಮೇಯ ಇಂದಿಗೂ ಪಠ್ಯದ ಭಾಗ. ೨೦೨೩ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿಯನ್ನು ಪಡೆದು, ಅದೇ ವರ್ಷ ತಮ್ಮ ೧೦೨ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಆದುದರಿಂದ ಪ್ರವೇಶ ಬಯಸುವ ವಿದ್ಯಾರ್ಥಿಯು ಪದವಿಯ ಹೆಸರಿಗಿಂತ ಪಠ್ಯಪಟ್ಟಿಯನ್ನು ಮೊದಲು ನೋಡುವುದು ಲೇಸು. ಸಂಭವನೀಯತೆಗೂ ಸಂಖ್ಯಾಶಾಸ್ತ್ರೀಯ ಅನುಮಾನಕ್ಕೂ ಎಷ್ಟು ಪತ್ರಿಕೆಗಳಿವೆ, ಅವನ್ನು ಬೋಧಿಸುವವರು ಆ ಶಾಸ್ತ್ರವನ್ನು ಕಲಿತವರೇ, ಯೋಜನಾಕಾರ್ಯದಲ್ಲಿ ನಿಜವಾದ ದತ್ತಾಂಶಗಳು ಕೈಗೆ ಸಿಗುವುವೇ—ಇವು ಕೇಳಬೇಕಾದ ಪ್ರಶ್ನೆಗಳು. ಸಲಕರಣೆಗಳನ್ನು ಮಾತ್ರ ಕಲಿಸುವ ಪದವಿ ಆ ಸಲಕರಣೆಗಳೊಂದಿಗೇ ಹಳತಾಗುತ್ತದೆ. ಅಂಕಿಗಳನ್ನು ಪ್ರಶ್ನಿಸುವುದನ್ನು ಕಲಿಸುವ ಪದವಿಗಾದರೋ ಎರಡು ವರ್ಷಗಳನ್ನು ವ್ಯಯಿಸಿದ್ದು ವ್ಯರ್ಥವಾಗದು.