ಥರ್ಮಾಕೋಲಿನ ಕೋಟೆ ಕಟ್ಟಿದವರು ಯಾರು?

ಭಾನುವಾರದ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಮಾತನಾಡುವ ಹೆತ್ತವರ ಬಾಯಲ್ಲಿ ಪದೇ ಪದೇ ಕೇಳಿಬರುವ ಶಬ್ದವೊಂದಿದೆ: ಪ್ರಾಜೆಕ್ಟ್. ಬೀದರ ನಗರದ ಮೈಲೂರಿನ ತಾಯಿಯೊಬ್ಬರು ತಮ್ಮ ಮನೆಯ ಪಾಡನ್ನು ನಗುತ್ತಲೇ ಹೇಳಿದರು. ಏಳನೆಯ ತರಗತಿಯ ಮಗನಿಗೆ ಬೀದರ ಕೋಟೆಯ ಮಾದರಿ ಮಾಡಿ ತರಲು ತಿಳಿಸಲಾಗಿತ್ತು. ಥರ್ಮಾಕೋಲು ತಂದವರು ತಂದೆ, ಕತ್ತರಿಸಿದವರು ತಾಯಿ, ಬಣ್ಣ ಬಳಿದವಳು ಅಕ್ಕ. ರಾತ್ರಿ ಹನ್ನೊಂದಕ್ಕೆ ಕೋಟೆ ಸಿದ್ಧವಾಯಿತು. ಮಗ ಒಂಬತ್ತಕ್ಕೇ ನಿದ್ರೆ ಹೋಗಿದ್ದ. "ಅಂಕ ಚೆನ್ನಾಗಿಯೇ ಬಂತು. ಆದರೆ ಅವನು ಕೋಟೆಯ ಒಳಗೆ ಇನ್ನೂ ಕಾಲಿಟ್ಟಿಲ್ಲ" ಎಂದರು ಆಕೆ.

ಭಾಲ್ಕಿ ಕಡೆಯ ತಂದೆಯೊಬ್ಬರಿಗೆ ಇದು ನಗುವ ವಿಷಯವಲ್ಲ. ದಿನಗೂಲಿಯ ಹಣದಲ್ಲಿ ಚಾರ್ಟ್, ಬಣ್ಣ, ಅಂಗಡಿಯಲ್ಲಿ ಮುದ್ರಿಸಿದ ಚಿತ್ರ ಇವನ್ನೆಲ್ಲ ಕೊಳ್ಳಬೇಕು. ಕೊಳ್ಳಲಾಗದವನ ಮಗ ತರಗತಿಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕು. ಅವರ ಅಸಮಾಧಾನ ನ್ಯಾಯವಾದುದೆಂದೇ ನನ್ನ ಎಣಿಕೆ.

ಆದರೆ ದೋಷ ಈ ಕಲಿಕಾ ವಿಧಾನದ್ದಲ್ಲ. ಅಮೆರಿಕದ ಶಿಕ್ಷಣತಜ್ಞ ಕಿಲ್‌ಪ್ಯಾಟ್ರಿಕ್ 1918ರಲ್ಲಿಯೇ ಇದನ್ನು ಪ್ರತಿಪಾದಿಸಿದ್ದರು; ಕೈಕೆಲಸದ ಮೂಲಕ ಪಾಠ ಎಂಬ ಗಾಂಧೀಜಿಯವರ ವಿಚಾರ 1937ರಲ್ಲಿ ವಾರ್ಧಾದಲ್ಲಿ ರೂಪ ತಳೆಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಚಟುವಟಿಕೆ ಹಾಗೂ ಅನ್ವೇಷಣೆಯಿಂದ ಕಲಿಯಬೇಕೆನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲಿ ಎಂದಿದೆ. ಇವುಗಳಲ್ಲಿ ಎಲ್ಲಿಯೂ ಥರ್ಮಾಕೋಲಿನ ಪ್ರಸ್ತಾಪವಿಲ್ಲ!

ಕಲಿಯಲು ಬೀದರಿನಲ್ಲಿ ಏನು ಕಡಿಮೆ? ನೌಬಾದಿನ ಕರೇಜ್ ಇದೆ. ಬಹಮನಿ ಅರಸರ ಕಾಲದಲ್ಲಿ ನೆಲದಡಿ ಕೊರೆದ ಸುರಂಗದ ಮೂಲಕ, ಯಾವ ಯಂತ್ರವೂ ಇಲ್ಲದೆ, ಕೇವಲ ಇಳಿಜಾರಿನ ಬಲದಿಂದ ನೀರು ಹರಿಯುತ್ತಿತ್ತು. ಅಲ್ಲಲ್ಲಿ ಬಾವಿಯಂತಹ ಗಾಳಿಗಂಡಿಗಳಿವೆ. ಗಂಡಿಯಿಂದ ಗಂಡಿಗೆ ಹೆಜ್ಜೆ ಎಣಿಸಿ ಮಕ್ಕಳು ನಕ್ಷೆ ಬರೆದರೆ ಗಣಿತ, ಭೂಗೋಳ, ಇತಿಹಾಸ ಮೂರೂ ಅದರಲ್ಲಿಯೇ ಬಂದವು. ಇನ್ನು ಬಿದರಿ ಕಲೆ. ಸತು ಹೆಚ್ಚು, ತಾಮ್ರ ಕಡಿಮೆ ಇರುವ ಮಿಶ್ರಲೋಹದ ಮೇಲೆ ಬೆಳ್ಳಿಯ ಕುಸುರಿ. ಕೊನೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕಲಸಿದ ದ್ರಾವಣ ತಾಗಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಏಕೆ? ಈ ಪ್ರಶ್ನೆಯನ್ನು ಕುಶಲಕರ್ಮಿಯ ಮುಂದೆ ಕುಳಿತು ಕೇಳಿದ ಮಗು ವಿಜ್ಞಾನದ ಬಾಗಿಲನ್ನು ತಟ್ಟಿದಂತೆಯೇ. ಇದಕ್ಕೆ ಬೇಕಾದುದು ಒಂದು ನೋಟ್‌ಬುಕ್, ಜೊತೆಗೆ ಕರೆದೊಯ್ಯುವ ಶಿಕ್ಷಕರು.

ಮಕ್ಕಳ ಮೊದಲ ಹಾಗೂ ಪ್ರಧಾನ ಶಿಕ್ಷಕರು ಹೆತ್ತವರೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಅದರ ಅರ್ಥ ಮಗನ ಬದಲು ನಾವು ಕತ್ತರಿ ಹಿಡಿಯಬೇಕೆಂದಲ್ಲ. ಕೆಲಸ ಶಾಲೆಯ ವೇಳೆಯಲ್ಲಿ, ಗುಂಪಿನಲ್ಲಿ ನಡೆಯಲಿ. ಅಂಕ ಅಂದಕ್ಕಲ್ಲ, ಮಗು ಕೇಳಿದ ಪ್ರಶ್ನೆಗೆ ಸಿಗಲಿ ಎಂದು ಪಾಲಕರ ಸಭೆಯಲ್ಲಿ ಎದ್ದು ಹೇಳುವುದಕ್ಕೆ ನಾವೇಕೆ ಅಂಜಬೇಕು?

ಔರಾದ್ ಕಡೆಯ ಹುಡುಗಿಯೊಬ್ಬಳಿಗೆ, ಮನೆಯಲ್ಲಿ ಬೀಜ ಕಾಪಾಡುವ ಬಗೆಯನ್ನು ಬರೆದು ತರುವ ಕೆಲಸ ಬಂದಿತ್ತು. ಅಕ್ಷರ ಬಾರದ ತಾಯಿ ಜೋಳ, ತೊಗರಿಗಳಿಗೆ ಬೂದಿ ಬೆರೆಸುವುದನ್ನೂ ಬೇವಿನ ಸೊಪ್ಪು ಹಾಕುವುದನ್ನೂ ಎರಡು ಸಂಜೆ ಕುಳಿತು ವಿವರಿಸಿದರು. ನೋಟ್‌ಬುಕ್ಕಿನ ಕೊನೆಗೆ 'ಮಾಹಿತಿ ನೀಡಿದವರು' ಎಂಬಲ್ಲಿ ಮಗಳು ತಾಯಿಯ ಹೆಸರು ಬರೆದಳು. ಅದನ್ನು ಆಕೆಗೆ ಓದಿ ಹೇಳಿದವಳೂ ಅವಳೇ.