ಬರದ ಸೀಮೆಯ ಸಭೆಯೂ ತೋಟಗಾರನ ಧರ್ಮವೂ

ಪೆನ್ನಾ ನದಿಯ ಆಸುಪಾಸಿನ ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಹಬ್ಬಿದ, ಕನ್ನಡ ತೆಲುಗುಗಳೆರಡೂ ಒಂದೇ ಜಗಲಿಯ ಮೇಲೆ ಕೇಳಿಬರುವ ಅನಂತಪುರ ಸೀಮೆಯು ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯನ್ನಷ್ಟೇ ಕಾಣುವುದರಿಂದ, ಕ್ರೈಸ್ತ ಸಭೆಯನ್ನು ತೋಟಕ್ಕೆ ಹೋಲಿಸುವ ಉಪದೇಶವು ಇಲ್ಲಿ ಬರಿಯ ಅಲಂಕಾರವಾಗಿ ಉಳಿಯಲಾರದು. ಲೂಕನ ಸುವಾರ್ತೆಯ ಸಾಮ್ಯವೊಂದರಲ್ಲಿ, ಮೂರು ವರ್ಷವಾದರೂ ಹಣ್ಣುಗೊಡದ ಅಂಜೂರದ ಮರವನ್ನು ಕಡಿಸಲು ಯಜಮಾನನು ಮುಂದಾದಾಗ, ಬುಡ ಅಗೆದು ಗೊಬ್ಬರ ಹಾಕುವುದಕ್ಕೆ ಇನ್ನೊಂದು ವರ್ಷದ ಅವಕಾಶವನ್ನು ಬೇಡಿಕೊಂಡ ತೋಟಗಾರನಿದ್ದಾನೆ. ಒಣಗಿದ ಶೇಂಗಾ ಹೊಲದ ಬದುವಿನಲ್ಲಿ ನಿಂತು ಮುಂದಿನ ಮುಂಗಾರಿಗೆ ಬಿತ್ತನೆ ಬೀಜವನ್ನು ಎತ್ತಿಡುವ ರೈತನಿಗೆ ಆ ತೋಟಗಾರನ ಗುರುತನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಸಭೆಯೆಂಬ ಈ ತೋಟವನ್ನು ಮೊದಲು ನೆಟ್ಟವರನ್ನು ಅರಸಿ ಹೊರಟರೆ ಬಳ್ಳಾರಿಗೆ ಹೋಗಬೇಕಾಗುತ್ತದೆ, ಏಕೆಂದರೆ 1882ರವರೆಗೆ ಈ ಪ್ರದೇಶವು ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ಕನ್ನಡ ಬೈಬಲಿನ ಭಾಷಾಂತರಕ್ಕೆ ಕೈಹಚ್ಚಿದನು. ವಿಲಿಯಂ ರೀವ್ ಮೊದಲಾದವರು ಆ ದುಡಿಮೆಗೆ ಹೆಗಲು ಕೊಟ್ಟರು. 1893ರಲ್ಲಿ ಹುಟ್ಟಿದ ಸಿಲೋನ್ ಅಂಡ್ ಇಂಡಿಯಾ ಜನರಲ್ ಮಿಷನ್ ಮುಂದೆ ಅನಂತಪುರ ಸೀಮೆಯಲ್ಲಿ ನೆಲೆಯೂರಿತು. ಆದರೆ ಹಳ್ಳಿಯಿಂದ ಹಳ್ಳಿಗೆ ನಡೆದು ಓದಲು ಕಲಿಸಿದ ಉಪದೇಶಿಗಳೂ ಮನೆಮನೆಯ ಹೆಂಗಸರನ್ನು ಕಂಡು ಬಂದ ಬೈಬಲ್ ಸ್ತ್ರೀಯರೂ ಇಲ್ಲದಿದ್ದರೆ ಈ ಸಭೆಗಳು ಬೇರುಬಿಡುತ್ತಿರಲಿಲ್ಲವೆಂದೂ, ಚರಿತ್ರೆಯು ಅವರಿಗೆ ಸಲ್ಲಿಸಬೇಕಾದ ಋಣವು ಇನ್ನೂ ತೀರಿಲ್ಲವೆಂದೂ ನನ್ನ ದೃಢವಾದ ನಂಬಿಕೆ.

ತೋಟದ ಉಪಮೆಯು ಕಣ್ಣಿಗೆ ಕಾಣುವುದು ಬೆಳೆ ಹಬ್ಬದ ದಿನ. ರಾಗಿ, ಶೇಂಗಾ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ, ಯಾರದೋ ಹಿತ್ತಲಿನ ಒಂದು ಹಿಡಿ ಕರಿಬೇವು, ಹೀಗೆ ಅವರವರ ಶಕ್ತಿಗೆ ತಕ್ಕಷ್ಟು ತಂದು ಆರಾಧನೆಯಲ್ಲಿ ಅರ್ಪಿಸಿದ್ದನ್ನು ಹೊರಗೆ ಹರಾಜಿಗಿಡುವರು. ಒಂದು ತೆಂಗಿನಕಾಯಿಯನ್ನು ಅಂಗಡಿಯ ಬೆಲೆಗಿಂತ ಎಷ್ಟೋ ಹೆಚ್ಚಿಗೆ ಕೂಗಿಕೊಂಡವನು ಅದನ್ನು ಮನೆಗೊಯ್ಯದೆ ಮರಳಿ ಹರಾಜಿಗೇ ಬಿಡುವುದುಂಟು. ಆ ಕಾಯಿ ಕೈಯಿಂದ ಕೈಗೆ ಹೋದಂತೆಲ್ಲ ಸಭೆಯ ಬೊಕ್ಕಸಕ್ಕೆ ನಾಲ್ಕು ಕಾಸು ಸೇರುತ್ತದೆ, ತರಲು ಏನೂ ಇಲ್ಲದೆ ಬಂದ ಕೂಲಿಯವಳೂ ಒಮ್ಮೆ ಕೂಗಿ ನಗುತ್ತಾಳೆ.

ತಾನು ನೆಟ್ಟೆನು, ಅಪೊಲ್ಲೋಸನು ನೀರೆರೆದನು, ಬೆಳೆಸಿದವನು ದೇವರು ಎಂಬ ಅರ್ಥದಲ್ಲಿ ಕೊರಿಂಥದವರಿಗೆ ಬರೆದ ಪೌಲನ ಭಾವವು, 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯ ವ್ಯವಸ್ಥೆಯಲ್ಲಿ ನಿತ್ಯದ ಅನುಭವವೇ ಆಗಿದೆ: ಸಭಾಪಾಲಕರು ಕೆಲವು ವರ್ಷಗಳಿಗೊಮ್ಮೆ ವರ್ಗವಾಗುತ್ತಾರೆ. ಹಿಂದೂಪುರದ ಸಂತೆಗೆ ಹೊರೆಹೊರೆಯಾಗಿ ಬರುವ ಹುಣಿಸೆಯಾದರೂ ಬೀಜದಿಂದೆದ್ದು ಫಲಕ್ಕೆ ಬರಲು ಏಳೆಂಟು ವರ್ಷ ಬೇಕು. ಅಷ್ಟರೊಳಗೆ ಸಸಿ ನೆಟ್ಟ ಅಯ್ಯನವರು ಬೇರೊಂದು ಊರಿನಲ್ಲಿರುತ್ತಾರೆ, ಹೊಸಬರು ಬಂದು ಮೊದಲು ವಿಚಾರಿಸುವುದು ಆ ಗಿಡಕ್ಕೆ ಬೇಸಿಗೆಯಲ್ಲಿ ನೀರು ಹೊರುತ್ತಿರುವವರು ಯಾರೆಂಬುದನ್ನೇ.